ಕಬಿನಿಯ ದೋಣಿ: ದಸರೆಗೋ, ಬೇಸಗೆಗೋ?

ಜಯನಗರದ ಮನೆಗಳಲ್ಲಿ ಪ್ರವಾಸದ ಮಾತು ವರ್ಷಕ್ಕೆ ಎರಡು ಸಲ ಬಲವಾಗಿ ಏಳುತ್ತದೆ. ಒಮ್ಮೆ ದಸರೆಯ ರಜೆಯಲ್ಲಿ, ಗೊಂಬೆಗಳು ಇನ್ನೂ ಮೆಟ್ಟಿಲಿನ ಮೇಲಿರುವಾಗ; ಇನ್ನೊಮ್ಮೆ ಪರೀಕ್ಷೆಗಳು ಮುಗಿದು ಮಕ್ಕಳು ಮನೆಯನ್ನೇ ತಲೆಕೆಳಗು ಮಾಡತೊಡಗುವ ಏಪ್ರಿಲ್ ತಿಂಗಳಿನಲ್ಲಿ. ಕಾಡು ನೋಡಬೇಕು, ಆದರೆ ಜೀಪಿನ ಕುಲುಕಾಟ ಅಜ್ಜಿಯ ಸೊಂಟಕ್ಕೆ ಆಗದು ಎಂಬ ಸಂಸಾರಗಳಿಗೆಲ್ಲ ಕೊನೆಗೆ ಹೊಳೆಯುವ ಹೆಸರು ಕಬಿನಿ. ಅಲ್ಲಿ ದೋಣಿಯಲ್ಲಿ ಕುಳಿತು ಕಾಡನ್ನು ನೋಡಬಹುದು. ಸ್ಥಳದ ವಿಷಯದಲ್ಲಿ ಜಗಳವಿಲ್ಲ. ಜಗಳವೆಲ್ಲ ಕಾಲದ ವಿಷಯದಲ್ಲಿ. ಮಳೆ ನಿಂತೊಡನೆ, ಹಂಗಾಮಿನ ಮೊದಲಲ್ಲೇ ಹೋಗುವುದೇ? ಅಥವಾ ಹಂಗಾಮಿನ ಕೊನೆಗೆ, ಬಿರುಬೇಸಗೆಯಲ್ಲಿ ಹೋಗುವುದೇ?

ಈ ಪ್ರಶ್ನೆಗೆ ಉತ್ತರ ಹವಾಮಾನದಲ್ಲಿರುವುದಕ್ಕಿಂತ ಹೆಚ್ಚಾಗಿ ಆ ನೀರಿನ ಚರಿತ್ರೆಯಲ್ಲಿದೆ. ಕೇರಳದ ವಯನಾಡಿನಲ್ಲಿ ಹುಟ್ಟಿ ಪೂರ್ವಕ್ಕೆ ಹರಿದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುವ ಈ ನದಿಗೆ ಹೆಗ್ಗಡದೇವನಕೋಟೆಯ ಸೀಮೆಯ ಬೀಚನಹಳ್ಳಿಯ ಬಳಿ ಅಣೆಕಟ್ಟು ಕಟ್ಟಿ ಮುಗಿಸಿದ್ದು 1974ರಲ್ಲಿ. ಸಮುದ್ರಮಟ್ಟದಿಂದ 2284 ಅಡಿಯವರೆಗೆ ನೀರು ನಿಂತಾಗ ಜಲಾಶಯ ತುಂಬಿತೆಂದು ಲೆಕ್ಕ. ಆಗ ಅದರಲ್ಲಿರುವ ನೀರು 19.52 ಟಿ.ಎಂ.ಸಿ. ಅಡಿ. ಈ ನೀರಿನಡಿಯಲ್ಲಿ ಹಳ್ಳಿಗಳೂ ಹೋದುವು, ಕಾಡೂ ಹೋಯಿತು. ಹೋದ ಕಾಡು ಸಾಮಾನ್ಯವಾದುದಲ್ಲ. ಮೈಸೂರು ಅರಸರ ಕಾಲದಲ್ಲಿ ಆನೆಗಳ ಹಿಂಡನ್ನು ನದಿಗೆ ಅಟ್ಟಿ ಹಿಡಿಯುತ್ತಿದ್ದ ಖೆಡ್ಡಾಗಳಿಗೆ ಹೆಸರಾದ ಕಾಕನಕೋಟೆಯ ಸೀಮೆ ಅದು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮಾಸ್ತಿಯವರ ನಾಟಕದಿಂದ ಕಾಕನಕೋಟೆಯ ಹೆಸರನ್ನು ಬಲ್ಲವರು ಅನೇಕರಿದ್ದಾರೆ; ಆ ನೆಲದ ಒಂದು ಪಾಲು ಇಂದು ದೋಣಿಯ ಕೆಳಗಿದೆ ಎಂಬುದನ್ನು ಬಲ್ಲವರು ಕಡಿಮೆ. ನೀರಿನ ನಡುವೆ ಇಂದಿಗೂ ನಿಂತಿರುವ ಬೋಳುಮರಗಳು ಆ ಕಾಡಿನ ಅಳಿದುಳಿದ ಕುರುಹು.

ಉತ್ತರದ ದಡದಲ್ಲಿ ನಾಗರಹೊಳೆ, ದಕ್ಷಿಣದ ದಡದಲ್ಲಿ ಬಂಡೀಪುರ. ಎರಡು ಮಹಾರಣ್ಯಗಳ ನಡುವೆ ಚಾಚಿಕೊಂಡಿರುವ ಈ ಹಿನ್ನೀರಿನ ಮೇಲೆಯೇ ದೋಣಿ ಸಾಗುವುದು.

ವರ್ಷದ ಕೊನೆಯಿಂದ ಹೊಲಗದ್ದೆಗಳಿಗೂ ಊರುಗಳಿಗೂ ನೀರು ಬಿಟ್ಟಂತೆಲ್ಲ ಜಲಾಶಯ ಇಳಿಯತೊಡಗುತ್ತದೆ. ಇಳಿದ ನೀರು ಹಿಂದೆ ಬಿಟ್ಟುಹೋಗುವುದು ಹದವಾದ ಒದ್ದೆ ಮಣ್ಣನ್ನು. ಅದರ ಮೇಲೆ ಎಳೆಹುಲ್ಲು ಚಿಗುರುತ್ತದೆ. ಅದೇ ಸಮಯಕ್ಕೆ ಒಳಕಾಡಿನಲ್ಲಿ ಮತ್ತಿ, ತೇಗಗಳು ಎಲೆ ಉದುರಿಸಿ ನಿಲ್ಲುತ್ತವೆ, ಹಳ್ಳಗಳು ಬತ್ತುತ್ತವೆ, ಕೆರೆಗಳ ತಳ ಬಿರಿಯುತ್ತದೆ. ದಿನಕ್ಕೆ 100 ಲೀಟರಿಗೂ ಮಿಗಿಲಾಗಿ ನೀರು ಬೇಡುವ ಪ್ರಾಣಿ ಎಲ್ಲಿಗೆ ಹೋದೀತು? ಮಾರ್ಚಿ ತಿಂಗಳಿನಿಂದ ನಾಗರಹೊಳೆ, ಬಂಡೀಪುರ, ವಯನಾಡುಗಳ ಆನೆಗಳು ಹಿಂಡುಹಿಂಡಾಗಿ ಈ ದಡಕ್ಕೆ ಇಳಿಯುತ್ತವೆ. ಏಷ್ಯದ ಆನೆಗಳು ಋತುವಿಗನುಗುಣವಾಗಿ ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ನೆರೆಯುವ ತಾಣಗಳು ಪ್ರಪಂಚದಲ್ಲಿಯೇ ವಿರಳ. ಸಂಜೆಯ ಹೊತ್ತು ಹಿರಿಯ ಹೆಣ್ಣಾನೆ ಮುಂದೆ, ಮರಿಗಳು ನಡುವೆ, ಉಳಿದವು ಸುತ್ತಲೂ ಹೀಗೆ ಸಂಸಾರಗಳು ಒಂದರ ಹಿಂದೊಂದು ನೀರಿಗೆ ಬರುತ್ತವೆ. ಸೊಂಡಿಲಿನಿಂದ ಹುಲ್ಲಿನ ಬುಡವನ್ನು ಹಿಡಿದು, ಕಾಲಿನಿಂದ ಒದ್ದು ಕಿತ್ತು, ಬೇರಿನ ಮಣ್ಣನ್ನು ಮೊಳಕಾಲಿಗೆ ಬಡಿದು ಕೊಡವಿ ಬಾಯಿಗಿಡುವ ಅವುಗಳ ನಾಜೂಕನ್ನು ಮಕ್ಕಳು ಒಮ್ಮೆ ಕಂಡರೆ ಮೃಗಾಲಯದ ಆನೆ ಸಪ್ಪೆಯೆನಿಸುವುದು ಖಂಡಿತ. ಆಳವಿರುವಲ್ಲಿ ಅವು ಈಜುತ್ತವೆ. ನೀರಿನ ಮೇಲೆ ಸೊಂಡಿಲ ತುದಿಯೂ ನೆತ್ತಿಯ ಉಬ್ಬೂ ಮಾತ್ರ ಕಾಣುತ್ತವೆ. ಜೊತೆಗೆ ಕಾಟಿಗಳ ಮಂದೆ, ಜಿಂಕೆ, ಕಡವೆ. ಅದೃಷ್ಟವಿದ್ದವರಿಗೆ ನೀರಿನಂಚಿನಲ್ಲಿ ಹುಲಿಯೂ ಕಂಡೀತು. ಆದರೆ ಹುಲಿಯನ್ನೇ ನೆಚ್ಚಿ ಹೊರಡುವವರು ಸಪ್ಪೆ ಮೋರೆ ಹೊತ್ತು ಮರಳುವುದೇ ಹೆಚ್ಚು.

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಆನೆಗಳ ಕಾಡನ್ನು ನುಂಗಿದ ಜಲಾಶಯವೇ ಬರಗಾಲದ ತಿಂಗಳುಗಳಲ್ಲಿ ಅವುಗಳಿಗೆ ಹುಲ್ಲನ್ನೂ ನೀರನ್ನೂ ಒದಗಿಸುತ್ತಿದೆ. ಪ್ರವಾಸಿಗಳ ಕಣ್ಣಿಗೆ ಸಮೃದ್ಧಿಯಾಗಿ ತೋರುವ ಆ ನೋಟ ವಾಸ್ತವವಾಗಿ ಕಾಡಿನ ಬಾಯಾರಿಕೆ. ಬೇಸಗೆ ಕ್ರೂರವಾದಷ್ಟೂ ನೋಟ ಹಿರಿದಾಗುತ್ತದೆ. ಮುಂಗಾರಿಗೆ ಮೊದಲೇ ನಾಲ್ಕು ಮಳೆ ಚೆನ್ನಾಗಿ ಬಿದ್ದರೆ ಒಳಕಾಡಿನ ಗುಂಡಿಗಳು ತುಂಬಿ, ಹೊಸ ಚಿಗುರು ಕಾಣಿಸಿ, ಹಿಂಡುಗಳು ಚದುರಿಬಿಡುತ್ತವೆ. ಮೇ ತಿಂಗಳ ಕೊನೆಯವರೆಗೂ ಕಾದು ಹೋದವರಿಗೆ ಬರಿಯ ದಡ ದೊರೆಯುವುದು ಇದರಿಂದಲೇ.

ದಸರೆಯ ಕಬಿನಿ ಬೇರೆಯೇ ಲೋಕ. ವಯನಾಡಿನ ಮಳೆಗೆ ಕಾವೇರಿ ಸೀಮೆಯ ಜಲಾಶಯಗಳಲ್ಲಿ ಸಾಮಾನ್ಯವಾಗಿ ಮೊದಲು ತುಂಬುವುದು ಇದೇ. ಅಕ್ಟೋಬರಿನಲ್ಲಿ ನೀರು ಮರಗಳ ಬುಡವನ್ನೇ ಮುಟ್ಟಿ ನಿಂತಿರುತ್ತದೆ. ನಡುವೆ ಹುಲ್ಲುಗಾವಲೆಂಬುದೇ ಇಲ್ಲ. ಒಳಗೆ ಎಲ್ಲೆಡೆಯೂ ನೀರು, ಎಲ್ಲೆಡೆಯೂ ಮೇವು. ಆನೆಗೆ ದಡಕ್ಕೆ ಬರುವ ಅಗತ್ಯವೇನು? ಎರಡು ಗಂಟೆ ದೋಣಿಯಲ್ಲಿ ಕುಳಿತು ಒಂಟಿ ಸಲಗವೊಂದನ್ನು ದೂರದಿಂದ ಕಂಡು ಬರುವುದೂ ಉಂಟು. ಹಿಂಗಾರಿನ ಮಳೆ ಮಧ್ಯಾಹ್ನದ ಹೊತ್ತಿಗೆ ಹೇಳದೆ ಕೇಳದೆ ಬಂದು ಕೂರುವುದೂ ಉಂಟು. ಆದರೂ ಆ ಕಾಲಕ್ಕೆ ತನ್ನದೇ ಸೊಬಗಿದೆ: ತೊಳೆದಿಟ್ಟಂಥ ಹಸುರು, ಧೂಳಿಲ್ಲದ ಆಕಾಶ, ಕನ್ನಡಿಯಂಥ ನೀರಿನಲ್ಲಿ ಬೋಳುಮರಗಳ ನೆರಳು. ಆ ಮರಗಳ ಮೇಲೆ ನೀರುಕಾಗೆಗಳು ರೆಕ್ಕೆ ಹರಡಿ ಕುಳಿತಿರುತ್ತವೆ. ಉತ್ತರದ ಶೀತದೇಶಗಳಿಂದ ಸಾವಿರಾರು ಮೈಲಿ ಹಾರಿ ಬಂದ ಮೀನುಗಿಡುಗ ಅಕ್ಟೋಬರಿನಿಂದ ಮಾರ್ಚಿಯವರೆಗೆ ಇಲ್ಲಿ ಬಿಡಾರ ಹೂಡುತ್ತದೆ. ಬೋಳುಮರದ ತುದಿಯಿಂದ ಹಾರಿ, ಎರಡೂ ಕಾಲುಗಳನ್ನು ಮುಂದೆ ಚಾಚಿ ನೀರಿಗೆ ಎರಗಿ, ಕಿತ್ತೆತ್ತಿದ ಮೀನಿನ ತಲೆಯನ್ನು ಮುಂದಕ್ಕೆ ತಿರುಗಿಸಿಕೊಂಡು ಹಾರಿಹೋಗುವ ಅದರ ಬೇಟೆ ಬೇಸಗೆಯವರಿಗೆ ಇಲ್ಲ. ಡಿಸೆಂಬರು, ಜನವರಿಗಳ ಎಳೆಬಿಸಿಲಿಗೆ ಮೊಸಳೆಗಳು ದಡದಲ್ಲಿ ಮೈ ಕಾಯಿಸಿಕೊಳ್ಳುತ್ತವೆ. ಕ್ರಿಸ್‌ಮಸ್ ರಜೆ ದೊರೆಯುವ ಮನೆಗಳವರಿಗೆ ಇದು ಒಳ್ಳೆಯ ನಡುದಾರಿ.

ಈ ಬಗೆಯ ಆಯ್ಕೆ ಕಬಿನಿಗಷ್ಟೇ ಸೀಮಿತವಲ್ಲ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿ ಅಲ್ಲಿಂದ ಅಲಾಸ್ಕಾದ ಹಡಗು ಹತ್ತುವ ತಂದೆತಾಯಿಯರೂ ಇದನ್ನೇ ಎದುರಿಸುತ್ತಾರೆ. ಅಲ್ಲಿನ ಹಂಗಾಮು ಸ್ಥೂಲವಾಗಿ ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ. ಮೊದಲು ಹೋದವರಿಗೆ ಬೆಟ್ಟಗಳ ಮೇಲೆ ಇನ್ನೂ ಕರಗದ ಹಿಮ ಮತ್ತು ಕಡಿಮೆ ಮಳೆ. ತಡವಾಗಿ ಹೋದವರಿಗೆ ಕೊಡೆ ಬಿಡಿಸಬೇಕಾದ ದಿನಗಳು, ಆದರೆ ಹೊಳೆಯೇರುವ ಸಾಮನ್ ಮೀನುಗಳು ಮತ್ತು ಅವುಗಳಿಗಾಗಿ ಹೊಂಚುವ ಕರಡಿಗಳು. ಅಲ್ಲಿಯೂ ನೋಟ ಮೊದಲು, ಪ್ರಾಣಿ ಕೊನೆಗೆ.

ಹಾಗಾದರೆ ಯಾವುದು ಮೇಲು? ಮೊದಲ ಸಲ ಹೋಗುವ, ಮಕ್ಕಳನ್ನು ಕರೆದೊಯ್ಯುವ ಸಂಸಾರಕ್ಕೆ ಬೇಸಗೆಯೇ ಸರಿ. ಅದರಲ್ಲಿಯೂ ಏಪ್ರಿಲ್, ಮೇ ಅಲ್ಲ. ಬಿಸಿಲು 35 ಡಿಗ್ರಿಯ ಸುತ್ತಮುತ್ತ ಸುಳಿದಾಡುತ್ತದೆ; ಟೋಪಿ, ನೀರಿನ ಬಾಟಲಿ, ಮಜ್ಜಿಗೆ ಇದ್ದರೆ ಮಕ್ಕಳು ತಡೆದುಕೊಳ್ಳುತ್ತಾರೆ. ಬೆಳಗಿನದಕ್ಕಿಂತ ಇಳಿಹೊತ್ತಿನ ದೋಣಿಯೇ ಆನೆಗಳಿಗೆ ಒಳ್ಳೆಯದು. ಎಪ್ಪತ್ತು ದಾಟಿದ ಹಿರಿಯರಿಗೆ, ಹಕ್ಕಿಯ ಹುಚ್ಚಿನವರಿಗೆ, ಹಿಂದೆ ಆನೆಗಳನ್ನು ಕಂಡು ಬಂದವರಿಗೆ ನವೆಂಬರಿನಿಂದಾಚೆಯ ತಂಪು ತಿಂಗಳುಗಳು ಹಿತ. ದಸರೆಯ ನಾಲ್ಕು ದಿನಗಳಲ್ಲಿ ಮೈಸೂರಿನ ಜನಜಂಗುಳಿಯನ್ನು ಸೀಳಿಕೊಂಡು ಹೋಗಿ ಆನೆಯನ್ನು ಕಾಣದೆ ಬಂದ ಮಕ್ಕಳನ್ನು ಸಮಾಧಾನಪಡಿಸುವುದು ಸುಲಭವಲ್ಲ. ಜಂಬೂಸವಾರಿಯಲ್ಲಿ ಕಂಡ ಆನೆಗಳೇ ಹೆಚ್ಚೆಂದು ಅವರು ಹೇಳಿಯಾರು!

ತಡವಾಗಿ ಹೋಗುವುದರಲ್ಲಿ ಅಪಾಯಗಳೂ ಇವೆ. ಬರದ ವರ್ಷಗಳಲ್ಲಿ ನೀರು ತೀರ ಇಳಿದು ದೋಣಿಯ ಹಾದಿ ಕಿರಿದಾಗುತ್ತದೆ. ಬೆಂಕಿಯ ಭಯವೂ ಉಂಟು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಹಬ್ಬಿದ ಕಾಳ್ಗಿಚ್ಚನ್ನು ಮರೆಯುವಂತಿಲ್ಲ. ಜಯನಗರದಿಂದ ಮೈಸೂರು, ಹೆಗ್ಗಡದೇವನಕೋಟೆಗಳ ಮೇಲೆ ಕಾರಾಪುರ ತಲುಪಲು ಸುಮಾರು 220 ಕಿಲೋಮೀಟರು. ಐದು ಗಂಟೆಯ ಮಾತು. ಅಷ್ಟು ದೂರ ಹೋಗಿ ಬಾಗಿಲು ಮುಚ್ಚಿರುವುದನ್ನು ಕಾಣುವ ಪ್ರಸಂಗ ಬರಬಾರದೆಂದರೆ ಮೊದಲೇ ವಿಚಾರಿಸಬೇಕು. ಇದು ಬರಿಯ ಎಚ್ಚರಿಕೆಯ ಮಾತಲ್ಲ.

2025ರ ಅಕ್ಟೋಬರು, ನವೆಂಬರುಗಳಲ್ಲಿ, ಅಂದರೆ ಹಂಗಾಮಿನ ಮೊದಲಲ್ಲಿಯೇ, ಈ ಸೀಮೆಯ ಹಳ್ಳಿಗಳಲ್ಲಿ ಹುಲಿಯ ದಾಳಿಗೆ ರೈತರು ಬಲಿಯಾದರು. ಸಫಾರಿಯ ಗದ್ದಲವೇ ಹುಲಿಗಳನ್ನು ಹೊಲಗಳ ಕಡೆಗೆ ಅಟ್ಟುತ್ತಿದೆಯೆಂದು ಊರಿನವರು ರೊಚ್ಚಿಗೆದ್ದರು. ನವೆಂಬರಿನಲ್ಲಿ ಸರ್ಕಾರ ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನು ನಿಲ್ಲಿಸಿ, ಅಲ್ಲಿನ ಸಿಬ್ಬಂದಿಯನ್ನು ಹುಲಿಗಳನ್ನು ಹುಡುಕುವ ಕೆಲಸಕ್ಕೆ ಹಚ್ಚಿತು. ವಸತಿಗೃಹಗಳವರೂ ಚಾಲಕರೂ ಆದಾಯ ಕಳೆದುಕೊಂಡರು. ಹೊಲಕ್ಕೆ ಹೋದವನು ಸಂಜೆ ಮರಳುವನೇ ಎಂಬ ಭಯ ಮಾತ್ರ ಕಾಡಂಚಿನ ಮನೆಗಳನ್ನು ಬಿಡಲಿಲ್ಲ. ದೋಣಿಗೆ ಯಾವ ತಿಂಗಳು ಒಳ್ಳೆಯದೆಂದು ಜಯನಗರದಲ್ಲಿ ಕ್ಯಾಲೆಂಡರು ನೋಡುವಾಗ, ಜೋಳವೋ ಹತ್ತಿಯೋ ಕೈಗೆ ಬರುವ ತಿಂಗಳು ಯಾವುದೆಂದು ಆ ಹಳ್ಳಿಗಳಲ್ಲಿ ಲೆಕ್ಕ ಹಾಕುತ್ತಿರುತ್ತಾರೆ. ಎರಡು ಲೆಕ್ಕಗಳೂ ಒಂದೇ ಕಾಡಿನ ಅಂಚಿನಲ್ಲಿ ಸೇರುತ್ತವೆ.

ಹೊರಡುವುದು ನಿಶ್ಚಯವಾದರೆ ವಾರದ ನಡುವಿನ ದಿನಗಳನ್ನು ಆರಿಸಿಕೊಳ್ಳುವುದು ಮೇಲು. ಶನಿವಾರ, ಭಾನುವಾರಗಳಲ್ಲಿ ದೋಣಿಯ ತುಂಬ ಮಾತು. ಬಣ್ಣಬಣ್ಣದ ಉಡುಪಿಗಿಂತ ಮಣ್ಣಿನ ಬಣ್ಣದ ಹತ್ತಿಯ ಬಟ್ಟೆ, ಒಂದು ದುರ್ಬೀನು, ಚಳಿಗಾಲವಾದರೆ ಬೆಳಗಿನ ಮಂಜಿಗೆ ಒಂದು ಶಾಲು, ಇಷ್ಟು ಸಾಕು. ಆನೆಗಳು ಹತ್ತಿರವಿದ್ದಾಗ ಚಾಲಕ ಯಂತ್ರವನ್ನು ನಿಲ್ಲಿಸುತ್ತಾನೆ. ಆಗ ಹುಲ್ಲು ಕೀಳುವ ಸದ್ದು ನೀರಿನ ಮೇಲಿಂದ ಸ್ಪಷ್ಟವಾಗಿ ಕೇಳಿಬರುತ್ತದೆ.