ಯುದ್ಧಭೂಮಿಯಲ್ಲಿ ಅನ್ನದಾನ: ಬಯಾಫ್ರಾ ಕಲಿಸುವ ಪಾಠ

ಹಸಿದವರಿಗೆ ಉಣಬಡಿಸುವುದು ದಯಾಕಾರ್ಯಗಳಲ್ಲಿ ಮೊದಲನೆಯದೆಂದು ಧರ್ಮಸಭೆಯು ಬೋಧಿಸುತ್ತದೆ. ಆದರೆ ಯುದ್ಧ ನಡೆಯುವ ನಾಡಿನಲ್ಲಿ ಆ ಅನ್ನವೇ ಒಂದು ಪಕ್ಷಕ್ಕೆ ಬಲ ತಂದರೆ ಏನು ಮಾಡಬೇಕು? ನೈಜೀರಿಯದ ಅಂತರ್ಯುದ್ಧವು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

1967ರ ಮೇ 30ರಂದು ಆ ದೇಶದ ಪೂರ್ವ ಪ್ರಾಂತ್ಯವು ಬಯಾಫ್ರಾ ಎಂಬ ಹೆಸರಿನಲ್ಲಿ ಸ್ವಾತಂತ್ರ್ಯವನ್ನು ಸಾರಿತು. ಜುಲೈನಲ್ಲಿ ಆರಂಭವಾದ ಯುದ್ಧವು 1970ರ ಜನವರಿಯವರೆಗೆ ನಡೆಯಿತು. ಒಕ್ಕೂಟ ಸರ್ಕಾರವು ದಿಗ್ಬಂಧನ ವಿಧಿಸಿದ್ದರಿಂದ ಅಸಂಖ್ಯ ಜನರು, ವಿಶೇಷವಾಗಿ ಮಕ್ಕಳು, ಹಸಿವಿನಿಂದ ಸತ್ತರು. ತಾನು ತಪಾಸಣೆ ಮಾಡಬಲ್ಲ ಹಾದಿಯಲ್ಲಿಯೇ ನೆರವು ಸಾಗಬೇಕೆಂದು ಸರ್ಕಾರವು ಪಟ್ಟುಹಿಡಿಯಿತು. ಅಂಥ ಹಾದಿಯನ್ನು ಬಯಾಫ್ರಾದ ನಾಯಕರು ಒಪ್ಪಲಿಲ್ಲ. ಹೀಗೆ ಮಕ್ಕಳ ಹಸಿವು ಎರಡೂ ಕಡೆಯ ರಣತಂತ್ರದಲ್ಲಿ ಸಿಲುಕಿತು.

ಆಗ ಕಥೋಲಿಕ ಕಾರಿತಾಸ್ ಹಾಗೂ ಪ್ರಾಟೆಸ್ಟೆಂಟ್ ಸಭೆಗಳ ನೆರವು ಸಂಸ್ಥೆಗಳು ಕೈಜೋಡಿಸಿದವು. ಸಾವೊ ಟೊಮೆ ದ್ವೀಪದಿಂದ ರಾತ್ರಿಯ ಕತ್ತಲಲ್ಲಿ ಹೊರಟ ವಿಮಾನಗಳು, ಹೆದ್ದಾರಿಯನ್ನೇ ರನ್‌ವೇಯಾಗಿ ಮಾರ್ಪಡಿಸಿದ್ದ ಊಲಿಯಲ್ಲಿ ಆಹಾರವನ್ನೂ ಔಷಧಿಯನ್ನೂ ಇಳಿಸಿದವು. 5,000ಕ್ಕೂ ಹೆಚ್ಚು ಹಾರಾಟಗಳಲ್ಲಿ ಸುಮಾರು 60,000 ಟನ್ ನೆರವು ತಲುಪಿತು. 1969ರ ಜೂನ್ 5ರಂದು ರೆಡ್ ಕ್ರಾಸ್ ವಿಮಾನವೊಂದನ್ನು ಹೊಡೆದುರುಳಿಸಿದ ಬಳಿಕವೂ ಸಭೆಗಳು ಈ ಸೇವೆಯನ್ನು ಕೈಬಿಡಲಿಲ್ಲ.

ಆದರೆ ಅದೇ ಊಲಿಯಲ್ಲಿ ಶಸ್ತ್ರಾಸ್ತ್ರ ಹೊತ್ತ ವಿಮಾನಗಳೂ ಇಳಿಯುತ್ತಿದ್ದವು. ನೆರವಿನಿಂದ ಯುದ್ಧವೇ ದೀರ್ಘವಾಯಿತೆಂಬ ಆಕ್ಷೇಪ ಎದ್ದಿತು. ಯುದ್ಧ ಮುಗಿದ ಮೇಲೆ ಅನೇಕ ವಿದೇಶಿ ಮಿಷನರಿಗಳನ್ನು ನೈಜೀರಿಯದಿಂದ ಹೊರಹಾಕಲಾಯಿತು.

ಈ ಆಕ್ಷೇಪವನ್ನು ನಾವು ತಳ್ಳಿಹಾಕಲಾಗದು. ಆದರೆ ಅದಕ್ಕಾಗಿ ಕೈಕಟ್ಟಿ ಕೂರಲೂ ಆಗದು. ಶತ್ರುವಿಗೂ ಉಣಬಡಿಸೆಂದು ಸಂತ ಪೌಲರು ಬೋಧಿಸುವಾಗ (ರೋಮ 12:20) ಹಸಿದವನ ಪಕ್ಷ ಯಾವುದೆಂಬ ಪ್ರಶ್ನೆಗೆ ಎಡೆಯೇ ಉಳಿಯುವುದಿಲ್ಲ. ಇನ್ನೊಂದೆಡೆ, ಸದುದ್ದೇಶವೊಂದೇ ಸಾಲದೆಂದು, ಸದ್ಗುಣಗಳಿಗೆ ವಿವೇಕವು ದಾರಿ ತೋರಬೇಕೆಂದು ಸಂತ ಥಾಮಸ್ ಅಕ್ವೀನಾಸರು ಕಲಿಸುತ್ತಾರೆ. ಆದುದರಿಂದ ಅನ್ನದ ಹಾದಿಯನ್ನು ಆಯುಧದ ಹಾದಿಯಿಂದ ಸಾಧ್ಯವಾದಷ್ಟು ಬೇರ್ಪಡಿಸುವುದು, ಎರಡೂ ಕಡೆಯ ಹಸಿದವರನ್ನು ಸಮನಾಗಿ ಕಾಣುವುದು, ಹಸಿವನ್ನು ಆಯುಧವಾಗಿಸಿದವರು ಯಾರೇ ಆಗಿರಲಿ, ಅದನ್ನು ಖಂಡಿಸುವುದು ದಯಾಕಾರ್ಯದ ಅಂಗಗಳೇ ಆಗಿವೆ.

ನಾಗರಿಕರನ್ನು ಉಪವಾಸ ಕೆಡವಿ ಯುದ್ಧ ಮಾಡುವುದನ್ನು ಜಿನೀವಾ ಒಪ್ಪಂದಗಳ 1977ರ ಹೆಚ್ಚುವರಿ ನಿಯಮಾವಳಿಗಳು ಅಂತರ್ಯುದ್ಧಗಳಲ್ಲೂ ನಿಷೇಧಿಸಿದವು. ಬಯಾಫ್ರಾದ ಮಕ್ಕಳಿಗೆ ಈ ರಕ್ಷಣೆ ದೊರೆಯಲಿಲ್ಲ. ಇಂದಿನ ಮಕ್ಕಳಿಗೆ ಅದು ದೊರೆಯಬೇಕಾದರೆ ಅನ್ನ ನೀಡುವ ಧರ್ಮಸಭೆಯು ಈ ಕಾನೂನಿನ ಪರವಾಗಿಯೂ ದನಿಯೆತ್ತಬೇಕು. ಇವೆರಡೂ ಒಂದೇ ಕರುಣೆಯ ಕಾರ್ಯಗಳೆಂದು ನಾವು ಭಾವಿಸುತ್ತೇವೆ.