ಉಪ್ಪಿನ ದಾಯಾದಿ

ಮೊದಲು ಕಡಿಮೆಯಾಗುವುದು ನಿದ್ದೆ. ರಾತ್ರಿ ಎರಡಕ್ಕೆ ಮಲಗಿದವನು ನಾಲ್ಕಕ್ಕೇ ಎದ್ದು ಅಟ್ಟದ ಸಾಮಾನೆಲ್ಲ ಕೆಳಗಿಳಿಸಿ ಒರೆಸುತ್ತಾನೆ. ಬೆಳಗಾಗುವಷ್ಟರಲ್ಲಿ ನೆಂಟರಿಷ್ಟರಿಗೆಲ್ಲ ಫೋನು ಹೋಗಿರುತ್ತದೆ, ಸಂಜೆಯೊಳಗೆ ಎರಡು ಸೈಟಿಗೆ ಅಡ್ವಾನ್ಸ್ ಕೊಟ್ಟಾಗಿರುತ್ತದೆ. ಆಯಾಸವೆಂಬುದೇ ಇಲ್ಲ. ಇಷ್ಟು ದಿನ ಮಂಕಾಗಿದ್ದವನು ಎಷ್ಟು ಚುರುಕಾದ ಎಂದು ಮನೆಯವರು ಮೊದಮೊದಲು ಹಿಗ್ಗುತ್ತಾರೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಅದೇ ಮನುಷ್ಯ ತಡೆಯಲು ಹೋದವರ ಮೇಲೆ ಕೈಮಾಡುತ್ತಾನೆ, ದೇವರು ತನ್ನೊಬ್ಬನ ಹತ್ತಿರವೇ ಮಾತಾಡುತ್ತಾನೆ ಎನ್ನುತ್ತಾನೆ. ಸಾಲ ಕೊಟ್ಟವರು ಬಾಗಿಲಿಗೆ ಬರುತ್ತಾರೆ. ಇನ್ನು ಕೆಲವು ತಿಂಗಳಿಗೆ ಗೋಡೆಯ ಕಡೆ ಮುಖಮಾಡಿ ಮಲಗಿದವನು ಸ್ನಾನಕ್ಕೂ ಏಳುವುದಿಲ್ಲ.

ಇದು ಬೈಪೋಲಾರ್ ಕಾಯಿಲೆ. ಏರಿದ ಹಂತ ಮೇನಿಯಾ, ಇಳಿದ ಹಂತ ಖಿನ್ನತೆ. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಈ ಕಾಯಿಲೆಯಿರುವ ನೂರರಲ್ಲಿ ಸುಮಾರು 70 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಮದ್ದಿಲ್ಲದೆ ಹೀಗಾಗಿದ್ದರೆ ಸಮಾಧಾನ ಹೇಳಿಕೊಳ್ಳಬಹುದಿತ್ತು. ಆದರೆ ಮುಕ್ಕಾಲು ಶತಮಾನದಿಂದ ಲಿಥಿಯಂ ಎಂಬ ಔಷಧಿ ನಮ್ಮ ಕೈಯಲ್ಲಿದೆ. ಒಂದು ಮಾತ್ರೆಗೆ ಕೆಲವೇ ರೂಪಾಯಿ. ಭೂಮಿಯಲ್ಲಿ ಸಿಗುವ ಒಂದು ಮೂಲಧಾತುವನ್ನು ತನ್ನದೆಂದು ಯಾವ ಕಂಪನಿಯೂ ಹಕ್ಕು ಸಾಧಿಸುವಂತಿಲ್ಲ. ದೊಡ್ಡ ಲಾಭವಿಲ್ಲದ ಔಷಧಿಯನ್ನು ಹೊಗಳಿ ಪ್ರಚಾರ ಮಾಡುವವರೂ ಇಲ್ಲ. ಅದಕ್ಕೇ ಈ ಮಾತ್ರೆಯ ಹೆಸರು ಮನೆಮನೆಗೆ ತಲುಪಲಿಲ್ಲ ಎಂದು ನನಗೆ ಅನ್ನಿಸುತ್ತದೆ.

ಇದನ್ನು ಮೇನಿಯಾಕ್ಕೆ ಬಳಸಿ ಲೋಕಕ್ಕೆ ತಿಳಿಸಿದವರು ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್. ಎರಡನೇ ಮಹಾಯುದ್ಧದಲ್ಲಿ ಸಿಂಗಪುರ ಜಪಾನಿನ ವಶವಾದಾಗ ಸೆರೆಸಿಕ್ಕು ಮೂರೂವರೆ ವರ್ಷ ಚಾಂಗಿ ಶಿಬಿರದಲ್ಲಿದ್ದವರು. ಬಿಡುಗಡೆಯಾಗಿ ಬಂದ ಮೇಲೆ ಮೆಲ್ಬರ್ನ್ ಹೊರವಲಯದ ಬುಂಡೂರಾ ಆಸ್ಪತ್ರೆಯಲ್ಲಿ, ಬಳಕೆ ತಪ್ಪಿದ್ದ ಉಗ್ರಾಣದ ಕೋಣೆಯೊಂದನ್ನೇ ಪ್ರಯೋಗಶಾಲೆ ಮಾಡಿಕೊಂಡರು. ಮೇನಿಯಾ ರೋಗಿಗಳ ಮೂತ್ರದಲ್ಲಿ ಏನಾದರೂ ವಿಷವಿದೆಯೇ ಎಂದು ನೋಡಲು ಅದನ್ನು ಗಿನಿಯಿಲಿಗಳಿಗೆ ಚುಚ್ಚುತ್ತಿದ್ದರು. ಪ್ರಯೋಗದ ನಡುವೆ ಯೂರಿಕ್ ಆಮ್ಲ ಬೇಕಾಯಿತು. ಅದೋ ನೀರಿನಲ್ಲಿ ಕರಗದು. ಚೆನ್ನಾಗಿ ಕರಗುತ್ತದೆಂಬ ಒಂದೇ ಕಾರಣಕ್ಕೆ ಅದರ ಲಿಥಿಯಂ ಲವಣವನ್ನು ಬಳಸಿದರು. ಆಮೇಲೆ ಲಿಥಿಯಂ ಕಾರ್ಬೊನೇಟನ್ನೇ ಚುಚ್ಚಿ ನೋಡಿದಾಗ, ಸುಮಾರು ಎರಡು ಗಂಟೆಗೆ, ಮುಟ್ಟಿದರೆ ಬೆಚ್ಚುವ ಆ ಪ್ರಾಣಿಗಳು ಬೆನ್ನಡಿಯಾಗಿಸಿದರೂ ಒದ್ದಾಡದೆ ಸುಮ್ಮನೆ ಬಿದ್ದಿದ್ದವು. ಅದು ಶಾಂತಿಯೋ ವಿಷವೇರಿದ ಲಕ್ಷಣವೋ ಎಂಬ ಅನುಮಾನ ಇವತ್ತಿಗೂ ಉಳಿದಿದೆ.

ಕೇಡ್ ಮೊದಲು ತಾವೇ ಲಿಥಿಯಂ ನುಂಗಿ ನೋಡಿದರು. ಆಮೇಲೆ, 1948ರಲ್ಲಿ, ಐದು ವರ್ಷದಿಂದ ಮೇನಿಯಾ ಇಳಿಯದೆ ವಾರ್ಡಿನವರೆಲ್ಲ ಕೈಚೆಲ್ಲಿದ್ದ 51ರ ಒಬ್ಬ ರೋಗಿಗೆ ಕೊಟ್ಟರು. ದಾಖಲೆಯಲ್ಲಿ ಆತನ ಹೆಸರು ಬರೀ ಡಬ್ಲ್ಯು.ಬಿ. ಕೆಲವೇ ತಿಂಗಳಲ್ಲಿ ಆತ ಮನೆಗೆ ಹೋದ, ಹಳೆಯ ಕೆಲಸಕ್ಕೂ ಸೇರಿಕೊಂಡ. ಹೀಗೆ ಸುಧಾರಿಸಿದ 10 ಮೇನಿಯಾ ರೋಗಿಗಳ ವರದಿಯನ್ನು ಕೇಡ್ 1949ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದರು.

ಈ ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಡಬ್ಲ್ಯು.ಬಿ. ಮಾತ್ರೆ ಬಿಟ್ಟ, ಕಾಯಿಲೆ ಮರುಕಳಿಸಿತು, ಮತ್ತೆ ಆಸ್ಪತ್ರೆ ಸೇರಿದ, ಮತ್ತೆ ಲಿಥಿಯಂ ಶುರುವಾಯಿತು. 1950ರಲ್ಲಿ ಲಿಥಿಯಂ ವಿಷವೇರಿ ತೀರಿಕೊಂಡ. ನೊಂದ ಕೇಡ್ ಅದರ ಬಳಕೆಯನ್ನೇ ನಿಲ್ಲಿಸಿದರು. ಅದೇ ಕಾಲಕ್ಕೆ ಅಮೆರಿಕದಲ್ಲಿ ಹೃದ್ರೋಗಿಗಳಿಗೆ ಅಡುಗೆ ಉಪ್ಪಿನ ಬದಲಿಗೆ ಲಿಥಿಯಂ ಕ್ಲೋರೈಡ್ ಮಾರಿ ಸಾವುಗಳಾಗಿದ್ದವು. ಆ ದೇಶ ಇದನ್ನು ಔಷಧಿಯೆಂದು ಒಪ್ಪಲು 1970 ಬರಬೇಕಾಯಿತು. ಒಬ್ಬನೇ ಮನುಷ್ಯನನ್ನು ಎತ್ತಿ ನಿಲ್ಲಿಸಿದ್ದೂ ಇದೇ, ಕೊಂದದ್ದೂ ಇದೇ. ನಡುವಿನ ಅಂತರ ರಕ್ತದಲ್ಲಿ ಅದೆಷ್ಟಿದೆ ಎಂಬುದು ಮಾತ್ರ. ಆ ಅಳತೆಯನ್ನು ರೂಢಿಗೆ ತರಲು ಮೆಲ್ಬರ್ನಿನಲ್ಲೇ ಎಡ್ವರ್ಡ್ ಟ್ರೌಟ್ನರ್ ದುಡಿದರು. ಡೆನ್ಮಾರ್ಕಿನ ಮೊಗೆನ್ಸ್ ಶೌ 1954ರಿಂದ ಹಿಡಿದು ವರ್ಷಗಟ್ಟಲೆ ಪ್ರಯೋಗ ನಡೆಸಿ, ಕಾಯಿಲೆ ಮತ್ತೆ ಬಾರದಂತೆ ಲಿಥಿಯಂ ಕಾಯುತ್ತದೆಂದು ತೋರಿಸಿಕೊಟ್ಟರು. ಶೌ ಅವರ ತಮ್ಮನನ್ನೇ ಖಿನ್ನತೆ ಮತ್ತೆಮತ್ತೆ ಕಾಡುತ್ತಿತ್ತು. ಆತ್ಮಹತ್ಯೆಯ ಅಪಾಯವನ್ನೂ ತಗ್ಗಿಸುತ್ತದೆಂಬ ಆಧಾರ ಈ ಕಾಯಿಲೆಯ ಬೇರಾವ ಔಷಧಿಗಿಂತಲೂ ಲಿಥಿಯಂಗೆ ಹೆಚ್ಚಾಗಿದೆ.

ವಿಷವಾಗುವುದು ಹೇಗೆ? ಲಿಥಿಯಂ ನಮ್ಮ ಉಪ್ಪಿನಲ್ಲಿರುವ ಸೋಡಿಯಂನ ದಾಯಾದಿ. ಮೂತ್ರಪಿಂಡಕ್ಕೆ ಇಬ್ಬರ ಮುಖವೂ ಒಂದೇ ಥರ ಕಾಣುತ್ತದೆ. ಮೈಯಲ್ಲಿ ಉಪ್ಪು, ನೀರು ಕಡಿಮೆಯಾದರೆ ಮೂತ್ರಪಿಂಡ ಸೋಡಿಯಂ ಅನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ, ಅದರ ಜೊತೆಗೆ ಲಿಥಿಯಂ ಅನ್ನೂ. ನುಂಗಿದ ಮಾತ್ರೆ ಅಷ್ಟೇ, ರಕ್ತದಲ್ಲಿ ಪ್ರಮಾಣ ಮಾತ್ರ ಏರುತ್ತ ಹೋಗುತ್ತದೆ. ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇದ್ದರೆ ಸಾಮಾನ್ಯವಾಗಿ ಕ್ಷೇಮ, 1.5 ದಾಟಿತೆಂದರೆ ಅಪಾಯ. ಇಷ್ಟು ಕಿರಿದಾದ ದಾರಿಯಲ್ಲಿ ನಡೆಯುವ ಔಷಧಿಗಳು ಕಡಿಮೆ.

ಇದನ್ನು ನಮ್ಮ ಕಡೆಯ ಬದುಕಿಗೆ ಹೊಂದಿಸಿ ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿಯ ಹೊಲದಲ್ಲಿ ಬೆವರು ಹರಿಸಿ ದುಡಿಯುವವರು, ನೀರೂ ಮುಟ್ಟದೆ ಉಪವಾಸ ಮಾಡುವವರು, ನಾಟಿ ಔಷಧಿಯ ಜೊತೆ ಉಪ್ಪಿಲ್ಲದ ಪಥ್ಯ ಹಿಡಿದವರು, ಎರಡು ದಿನ ವಾಂತಿ ಭೇದಿಯಾದವರು, ಇವರೆಲ್ಲ ಲಿಥಿಯಂ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕೇಳಲೇಬೇಕು. ಮಂಡಿನೋವಿಗೆಂದು ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೂಡ ಲಿಥಿಯಂ ಮಟ್ಟ ಏರಿಸಬಲ್ಲವು. ಬಿ.ಪಿ.ಗೆ ಕೊಡುವ ಕೆಲವು ಮಾತ್ರೆಗಳೂ ಅಷ್ಟೇ. ಕೈ ಜೋರಾಗಿ ನಡುಗುವುದು, ನಡೆಯುವಾಗ ತೂರಾಡುವುದು, ನಾಲಿಗೆ ತೊದಲುವುದು, ವಾಂತಿ ಭೇದಿ ಕಂಡರೆ ಬೆಳಗಾಗಲೆಂದು ಕಾಯಬಾರದು, ಆಗಲೇ ಆಸ್ಪತ್ರೆಗೆ ಹೊರಡಬೇಕು. ಕುಡಿದು ಬಂದಿದ್ದಾನೆಂದು ಅಕ್ಕಪಕ್ಕದವರು ತಪ್ಪು ತಿಳಿಯುವ ಲಕ್ಷಣಗಳಿವು.

ನನಗೆ ಬಹಳ ಬೇಕಾದ ಹಿರಿಯರೊಬ್ಬರು ಎಷ್ಟೋ ವರ್ಷದಿಂದ ಲಿಥಿಯಂ ತೆಗೆದುಕೊಳ್ಳುತ್ತಿದ್ದಾರೆ. ರಕ್ತಪರೀಕ್ಷೆಯ ಹಿಂದಿನ ರಾತ್ರಿ ಒಂಬತ್ತಕ್ಕೆ ಸರಿಯಾಗಿ ಮಾತ್ರೆ ನುಂಗಿ ಮಲಗುತ್ತಾರೆ, ಬೆಳಿಗ್ಗೆ ಒಂಬತ್ತಕ್ಕೆ ಲ್ಯಾಬಿನಲ್ಲಿ ತೋಳು ಚಾಚಿರುತ್ತಾರೆ. ಕೊನೆಯ ಮಾತ್ರೆಯಾಗಿ ಹನ್ನೆರಡು ಗಂಟೆಗೆ ತೆಗೆದ ರಕ್ತವಾದರೆ ಮಾತ್ರ ಆ ಅಂಕಿಗೆ ಅರ್ಥ. ಬೆಳಗಿನ ಮಾತ್ರೆ ಕಾಗದದಲ್ಲಿ ಸುತ್ತಿ ಅಂಗಿಯ ಜೇಬಿನಲ್ಲಿರುತ್ತದೆ. ರಕ್ತ ಕೊಟ್ಟು, ಪಕ್ಕದ ಹೋಟೆಲಿನಲ್ಲಿ ಎರಡು ಇಡ್ಲಿ ತಿಂದು, ಆಮೇಲೆ ನುಂಗುತ್ತಾರೆ. ಬೆರಳು ಸಣ್ಣಗೆ ನಡುಗುವುದರಿಂದ ಕಾಫಿಯನ್ನು ಅರ್ಧ ಲೋಟ ಹಾಕಿಸಿಕೊಳ್ಳುತ್ತಾರೆ. ಬಾಯಾರಿಕೆ ಜಾಸ್ತಿ, ತೂಕವೂ ಕೊಂಚ ಏರಿದೆ. ಥೈರಾಯ್ಡ್ ಕುಂದಿದ್ದಕ್ಕೆ ದಿನಕ್ಕೊಂದು ಮಾತ್ರೆ ಸೇರಿಕೊಂಡಿದೆ. ಆರು ತಿಂಗಳಿಗೊಮ್ಮೆ ಕ್ರಿಯಾಟಿನಿನ್ ನೋಡಿಸುತ್ತಾರೆ, ಯಾಕೆಂದರೆ ದೀರ್ಘಕಾಲದಲ್ಲಿ ಮೂತ್ರಪಿಂಡಕ್ಕೆ ಪೆಟ್ಟಾಗುವ ಸಾಧ್ಯತೆಯಿದೆ. ಇದೆಲ್ಲ ಸಣ್ಣ ಹೊರೆಯಲ್ಲ. ಆದರೂ ಮಗಳ ಮದುವೆ ನಿಂತು ಮಾಡಿಸಿದರು, ನಿವೃತ್ತಿಯವರೆಗೆ ನೌಕರಿ ಮಾಡಿದರು.

ಲಿಥಿಯಂ ಎಲ್ಲರಿಗೂ ಒಗ್ಗುವುದಿಲ್ಲ. ಅಂಥವರಿಗೆ ವಾಲ್ಪ್ರೊಯೇಟ್, ಕ್ವೆಟಿಯಾಪಿನ್, ಲ್ಯಾಮೊಟ್ರಿಜಿನ್ ಮೊದಲಾದವು ಇವೆ. ಇವುಗಳಲ್ಲಿ ವಾಲ್ಪ್ರೊಯೇಟ್ ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡುವುದರಿಂದ ಹರೆಯದ ಹೆಣ್ಣುಮಕ್ಕಳಿಗೆ ಬರೆಯುವ ಮುನ್ನ ವೈದ್ಯರು ಈ ಮಾತನ್ನು ಬಿಡಿಸಿ ಹೇಳಲೇಬೇಕು. ಬೈಪೋಲಾರ್ ಎಂದು ತಿಳಿಯದೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಕೆಲವರಿಗೆ ಮೇನಿಯಾ ಕೆರಳುತ್ತದೆ. ಹಾಗಾಗಿ ಹಿಂದೆಂದಾದರೂ ನಿದ್ದೆ ಬೇಡವೆನಿಸುವಷ್ಟು ಹುರುಪು ಬಂದಿತ್ತೇ ಎಂದು ವೈದ್ಯರು ಕೇಳಿದಾಗ ಮನೆಯವರು ಮುಚ್ಚಿಡಬಾರದು. ಇನ್ನು ಇವೆಲ್ಲ ನಿದ್ದೆ ಮಾತ್ರೆ, ಚಟ ಹಿಡಿಸುತ್ತವೆ ಎಂಬ ಮಾತು. ಆಲ್ಪ್ರಜೊಲಾಂ ಥರದ್ದಕ್ಕೆ ಆ ಮಾತು ಸಲ್ಲುತ್ತದೆ, ಲಿಥಿಯಂಗಲ್ಲ. ಹುಷಾರಾಯಿತಲ್ಲ, ಇನ್ಯಾಕೆ ಎಂದು ಒಮ್ಮೆಲೇ ಬಿಟ್ಟರೆ ಮಾತ್ರ ಕಾಯಿಲೆ ಮರಳುವ ಸಂಭವ ಬಹಳ. ಬಿಡುವುದಿದ್ದರೂ ವೈದ್ಯರ ಕಣ್ಣೆದುರಿಗೆ, ನಿಧಾನವಾಗಿ.

1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ನಿಮ್ಹಾನ್ಸ್ ತರಬೇತಿ ಕೊಟ್ಟು, ಮನೋರೋಗದ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರಕ್ಕೇ ತಂದಿತ್ತು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯೇ ಮಾದರಿ. ಅಂಥ ನಾಡಿನಲ್ಲಿ ಅಗ್ಗದ ಈ ಮಾತ್ರೆ ಸಿಕ್ಕರೂ ಅದರ ಮಟ್ಟ ಅಳೆಸಲು ಬಸ್ಸು ಹತ್ತಿ ದೂರದ ಊರಿಗೆ ಹೋಗಬೇಕಾದ ಮನೆಗಳಿವೆ ಎಂಬುದು ನನ್ನನ್ನು ಕಾಡುತ್ತದೆ. ಪರೀಕ್ಷೆಯಿಲ್ಲದೆ ಲಿಥಿಯಂ ಕೊಡಲಾರದ ವೈದ್ಯರು ಬೇರೆ ಔಷಧಿ ಬರೆಯುತ್ತಾರೆ. ಅವರನ್ನು ದೂರಿ ಫಲವಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರ್ಕಾರಿ ಚಿಕಿತ್ಸೆಯನ್ನು ಹಕ್ಕೆಂದು ಹೇಳಿದೆ. ಫೋನಿನಲ್ಲಿ ಸಲಹೆ ಬೇಕಾದವರಿಗೆ ಟೆಲಿ ಮಾನಸ್‌ನ 14416 ಸಹಾಯವಾಣಿ ಕನ್ನಡದಲ್ಲೂ ಸಿಗುತ್ತದೆ. ನಿಮ್ಮ ಜಿಲ್ಲಾಸ್ಪತ್ರೆಯ ಲ್ಯಾಬಿನಲ್ಲಿ ಲಿಥಿಯಂ ಮಟ್ಟ ನೋಡುತ್ತಾರೆಯೇ ಎಂದು ಮುಂದಿನ ಸಲ ಹೋದಾಗ ಕೇಳಿ. ಇಲ್ಲವೆಂದರೆ ಜಿಲ್ಲಾ ಶಸ್ತ್ರಚಿಕಿತ್ಸಕರ ಹೆಸರಿಗೆ ಒಂದು ಅರ್ಜಿ ಬರೆದು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬನ್ನಿ.