ಮುತ್ತಜ್ಜನ ಹೆಸರು ಎಲ್ಲಿ ಬರೆದಿದೆ?

ಕ್ರಿಸ್ತಜಯಂತಿಯ ರಾತ್ರಿ ನಾವು ಆಲಿಸುವ ಶುಭಸಂದೇಶ ಒಂದು ಜನಗಣತಿಯಿಂದಲೇ ಆರಂಭವಾಗುತ್ತದೆ. ಔಗುಸ್ತ ಚಕ್ರವರ್ತಿಯ ಆಜ್ಞೆಯಂತೆ ಹೆಸರು ಬರೆಸಲು ಜೋಸೆಫರು ಗರ್ಭಿಣಿ ಮರಿಯಳೊಡನೆ ಬೆತ್ಲೆಹೇಮಿಗೆ ಹೊರಟರೆಂದು ಸಂತ ಲೂಕರು ತಿಳಿಸುತ್ತಾರೆ. ನಮ್ಮ ಪೂರ್ವಜರ ಮನೆಬಾಗಿಲಿಗೂ ಒಂದು ದಿನ ಗಣತಿದಾರ ಬಂದಿದ್ದ. ಆತ ಬರೆದುಕೊಂಡ ಹೆಸರುಗಳು ಈಗ ಎಲ್ಲಿವೆ? ನಮ್ಮ ಮನೆತನದ ಮೂಲವನ್ನು ಹುಡುಕಲು ಅವು ನೆರವಾಗುತ್ತವೆಯೇ?

ಅಂಕಿಗಳು ಉಳಿದವು, ಹೆಸರುಗಳು ಅಳಿದವು

ಬ್ರಿಟಿಷರ ಕಾಲದಲ್ಲಿ ಭಾರತದ ಮೊದಲ ಜನಗಣತಿ 1871–72ರಲ್ಲಿ ನಡೆಯಿತು. ದೇಶದಾದ್ಯಂತ ಏಕಕಾಲದಲ್ಲಿ ನಡೆದ ಮೊದಲ ಗಣತಿ 1881ರ ಫೆಬ್ರುವರಿ 17ರದು. ಗಣತಿದಾರರು ಮನೆಮನೆಗೆ ಹೋಗಿ ಹೆಸರು, ವಯಸ್ಸು, ಧರ್ಮ, ಜಾತಿ, ಮಾತೃಭಾಷೆ, ಹುಟ್ಟಿದ ಸ್ಥಳ, ಕಸುಬು, ಓದುಬರಹ ಇವನ್ನೆಲ್ಲ ಹಾಳೆಗಳಲ್ಲಿ ತುಂಬಿದರು. ಹೆಣ್ಣುಮಕ್ಕಳ ಹೆಸರು ಹೇಳಲು ಮನೆಯವರು ಒಪ್ಪದಿದ್ದರೆ 'ಹೆಂಗಸು' ಎಂದಷ್ಟೇ ಬರೆದುಕೊಂಡರು. ಲೆಕ್ಕ ಕೂಡಿಸಿ ಮುಗಿದ ಮೇಲೆ ಆ ಹಾಳೆಗಳನ್ನು ಉಳಿಸಿಕೊಳ್ಳಲಿಲ್ಲ. ಅಚ್ಚಾದ ವರದಿಗಳು ಮತ್ತು ಕೋಷ್ಟಕಗಳು ಮಾತ್ರ ಉಳಿದವು.

ಅದೇ ಸಾಮ್ರಾಜ್ಯಕ್ಕೆ ಸೇರಿದ್ದ ಐರ್ಲೆಂಡಿನಲ್ಲಿ 1901 ಮತ್ತು 1911ರ ಗಣತಿಯ ಮನೆವಾರು ಹಾಳೆಗಳು ಹೆಸರುಗಳ ಸಮೇತ ಉಳಿದಿವೆ. ಯಾರು ಬೇಕಾದರೂ ಅಂತರಜಾಲದಲ್ಲಿ ಉಚಿತವಾಗಿ ನೋಡಬಹುದು. ನಮಗೆ ಆ ಭಾಗ್ಯವಿಲ್ಲ.

ಹಾಗಾದರೆ ಅಂಕಿಗಳಿಂದ ಏನು ಪ್ರಯೋಜನ?

ಪ್ರಯೋಜನವಿದೆ. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ ಸುಮಾರು 50 ಲಕ್ಷ 55 ಸಾವಿರ ಜನರಿದ್ದರು. ಹತ್ತು ವರ್ಷಗಳ ನಂತರ ಉಳಿದವರು ಸುಮಾರು 41 ಲಕ್ಷ 86 ಸಾವಿರ. ನಡುವೆ ಬಂದದ್ದು 1876–78ರ ಮಹಾ ಬರಗಾಲ. ಬೆಂಗಳೂರಿನಲ್ಲಿ, ದಂಡು ಪ್ರದೇಶವೂ ಸೇರಿ, 1891ರಲ್ಲಿ 1 ಲಕ್ಷ 80 ಸಾವಿರವಿದ್ದ ಜನಸಂಖ್ಯೆ 1901ರಲ್ಲಿ 1 ಲಕ್ಷ 59 ಸಾವಿರಕ್ಕೆ ಇಳಿಯಿತು. ಅದಕ್ಕೆ ಮುಖ್ಯ ಕಾರಣ 1898ರಲ್ಲಿ ಕಾಲಿಟ್ಟ ಪ್ಲೇಗು. ನಮ್ಮ ಮನೆತನವೊಂದು ಆ ವರ್ಷಗಳಲ್ಲಿ ಊರು ಬಿಟ್ಟಿದ್ದರೆ, ಒಂದು ಕವಲು ಥಟ್ಟನೆ ನಿಂತುಹೋಗಿದ್ದರೆ, ಕಾರಣವನ್ನು ಊಹಿಸಲು ಈ ಅಂಕಿಗಳು ದಾರಿ ತೋರುತ್ತವೆ.

ಯಾವ ಸಂಪುಟ ನೋಡಬೇಕೆಂಬುದನ್ನು ಮೊದಲು ತಿಳಿದಿರಬೇಕು. ಇಂದಿನ ಕರ್ನಾಟಕ ಆಗ ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ದಕ್ಷಿಣ ಕನ್ನಡ, ಬಳ್ಳಾರಿ ಮದ್ರಾಸಿನ ಸಂಪುಟಗಳಲ್ಲಿವೆ; ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಮುಂಬಯಿಯ ಸಂಪುಟಗಳಲ್ಲಿವೆ; ಗುಲ್ಬರ್ಗ, ರಾಯಚೂರು, ಬೀದರ್ ಹೈದರಾಬಾದಿನಲ್ಲಿವೆ. ಕೊಡಗಿನದು ಬೇರೆಯೇ ಲೆಕ್ಕ. ಹಲವು ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಓದಲು ಸಿಗುತ್ತವೆ. ಆದರೆ ವಯಸ್ಸಿನ ಅಂಕಿಗಳನ್ನು ಪೂರ್ತಿ ನಂಬಬಾರದು. ಹುಟ್ಟಿದ ವರ್ಷ ತಿಳಿಯದವರು 20, 30, 40 ಎಂದು ಅಂದಾಜಿನ ಮೇಲೆ ಹೇಳುತ್ತಿದ್ದರು.

ಹೆಸರು ಸಿಗುವುದು ದೇವಾಲಯದಲ್ಲಿ

ಗಣತಿ ಕಳೆದುಕೊಂಡ ಹೆಸರನ್ನು ನಮ್ಮ ಧರ್ಮಕೇಂದ್ರದ ಕಪಾಟು ಉಳಿಸಿಕೊಂಡಿರಬಹುದು. ಜ್ಞಾನಸ್ನಾನ ಮತ್ತು ವಿವಾಹಗಳನ್ನು ಪುಸ್ತಕದಲ್ಲಿ ದಾಖಲಿಸಬೇಕೆಂದು ಟ್ರೆಂಟ್ ಮಹಾಸಭೆ 1563ರಲ್ಲೇ ವಿಧಿಸಿತು. ಮಗುವಿನ ಹೆಸರಿನೊಡನೆ ತಂದೆತಾಯಿಯರು ಮತ್ತು ಜ್ಞಾನ ತಂದೆತಾಯಿಯರು ಅಲ್ಲಿ ಸಿಗುತ್ತಾರೆ. ಮುಂದೆ ಆ ಮಗುವಿಗೆ ಎಲ್ಲಿ, ಯಾರೊಡನೆ ಮದುವೆಯಾಯಿತೆಂಬುದನ್ನು ಅದೇ ಸಾಲಿನ ಅಂಚಿನಲ್ಲಿ ಬರೆದಿರುವುದೂ ಉಂಟು. ಆ ಒಂದು ಟಿಪ್ಪಣಿ ನಮ್ಮನ್ನು ಮತ್ತೊಂದು ಊರಿನ ಪುಸ್ತಕಕ್ಕೆ ಕರೆದೊಯ್ಯುತ್ತದೆ. ಕೂಲಿ ಮಾಡಿ ಬದುಕಿದ ಒಬ್ಬ ತಾಯಿಯ ಹೆಸರು ಜಗತ್ತಿನಲ್ಲಿ ಬೇರೆಲ್ಲೂ ಬರಹದಲ್ಲಿ ಇಲ್ಲದಿರಬಹುದು, ಇಲ್ಲಿ ಇರಬಹುದು.

ಹಳೆಯ ಬರಹ ಸಾಮಾನ್ಯವಾಗಿ ಲ್ಯಾಟಿನ್‌ನಲ್ಲಿರುತ್ತದೆ. ಗೋವೆಯ ಗುರುಗಳು ಸೇವೆ ಸಲ್ಲಿಸಿದ ಕಡೆ ಪೋರ್ಚುಗೀಸ್ ಸಹ ಇರಬಹುದು. ಆದ್ದರಿಂದ ಮನೆಯಲ್ಲಿ ಕರೆದ ಹೆಸರೇ ಪುಸ್ತಕದಲ್ಲಿ ಕಾಣದು. ನಮ್ಮ ರಾಯಪ್ಪ ಅಲ್ಲಿ ಪೇತ್ರುಸ್, ಚಿನ್ನಪ್ಪ ಪೌಲುಸ್, ಅರುಳಪ್ಪ ಯೊವಾನ್ನೆಸ್, ಚೌರಪ್ಪ ಕ್ಸಾವೇರಿಯುಸ್. ಇದನ್ನರಿಯದೆ ಹುಡುಕಿದರೆ ಕಣ್ಣೆದುರಿಗಿರುವ ಅಜ್ಜನನ್ನೇ ದಾಟಿ ಹೋಗುತ್ತೇವೆ.

ಬರಗಾಲದ ಅನಾಥರಿಗಾಗಿ ಫ್ರೆಂಚ್ ಗುರುಗಳು ನೆಲೆ ಕಲ್ಪಿಸಿದ ಸಿಲುವೆಪುರ, ಮರಿಯಾಪುರಗಳಂಥ ಊರುಗಳನ್ನು ನೆನೆಯೋಣ. ಗಣತಿಯಲ್ಲಿ ಕಡಿಮೆಯಾದ 8 ಲಕ್ಷಕ್ಕೂ ಹೆಚ್ಚು ಜನರಲ್ಲಿ ಅಲ್ಲಿನ ಮಕ್ಕಳ ಹೆತ್ತವರೂ ಸೇರಿರಬೇಕು. ಅಂಥ ಮಗುವಿಗೆ ಜ್ಞಾನಸ್ನಾನದ ಸಾಲೇ ಕುಟುಂಬ ಚರಿತ್ರೆಯ ಮೊದಲ ಪುಟ.

ನಾವು ಮಾಡಬಹುದಾದದ್ದು

ಮೊದಲು ಮನೆಯ ಹಿರಿಯರನ್ನು ಕೇಳೋಣ. ಹೆಸರು, ಅಡ್ಡಹೆಸರು, ಹಳೆಯ ಊರು, ಮದುವೆಯಾದ ದೇವಾಲಯ ಎಲ್ಲವನ್ನೂ ಬರೆದಿಟ್ಟುಕೊಳ್ಳೋಣ. ಹಳೆಯ ಪ್ರಮಾಣಪತ್ರ, ಜಮೀನಿನ ಕಾಗದ, ಸಮಾಧಿಯ ಕಲ್ಲಿನ ಬರಹಗಳನ್ನು ಒಟ್ಟುಗೂಡಿಸೋಣ. ಆಮೇಲೆ, ಅಂದಾಜು ವರ್ಷವನ್ನು ತಿಳಿಸಿ ಧರ್ಮಕೇಂದ್ರದ ಗುರುಗಳಿಗೆ ಪತ್ರ ಬರೆಯೋಣ. ನೂರು ವರ್ಷದ ಪುಸ್ತಕವನ್ನು ನಾವೇ ತಿರುವಿಹಾಕಲು ಹಟ ಹಿಡಿಯುವುದು ಬೇಡ. ಮುಟ್ಟಿದರೆ ಮುರಿಯುವ ಹಾಳೆಗಳವು. ತಂದೆಯ ಹೆಸರಿಲ್ಲದ ಸಾಲೊಂದು ಕಂಡರೆ ಅದನ್ನು ಬೀದಿಯ ಮಾತಾಗಿಸದೆ ಗೌರವದಿಂದ ಕಾಪಾಡೋಣ.

ಹಳೆಯ ಪುಸ್ತಕಗಳನ್ನು ಜೋಪಾನವಾಗಿಡಬೇಕೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 535ನೇ ವಿಧಿ ಹೇಳುತ್ತದೆ. ಗೆದ್ದಲು ಮತ್ತು ತೇವ ಆ ವಿಧಿಯನ್ನು ಓದಿಲ್ಲ. ಧರ್ಮಕೇಂದ್ರದ ಪಾಲನಾ ಸಮಿತಿ ಒಂದು ಒಳ್ಳೆಯ ಕಪಾಟು ಕೊಡಿಸಿದರೆ, ಯುವಜನರು ಗುರುಗಳ ಅನುಮತಿ ಪಡೆದು ಪುಟಗಳ ಚಿತ್ರ ತೆಗೆದಿಟ್ಟರೆ, ಅದು ಮುಂದಿನ ತಲೆಮಾರಿಗೆ ನಾವು ಕೊಡುವ ದೊಡ್ಡ ಕಾಣಿಕೆ. ಸರ್ಕಾರದ ಹಾಳೆಗಳಲ್ಲಿದ್ದ ಹೆಸರುಗಳು ಹೋದವು. ನಮ್ಮ ಕೈಯಲ್ಲಿರುವ ಹೆಸರುಗಳನ್ನಾದರೂ ಉಳಿಸಿಕೊಳ್ಳೋಣ.